ಬಿಸ್ಕತ್ತಿನ ಡಬ್ಬಿಯ ಅಧ್ಯಕ್ಷೆ

ಬೆಳಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಹೊಸ ಕಟ್ಟಡವನ್ನು ತೋರಿಸಲೆಂದು ದತ್ತಿ ಸಂಸ್ಥೆಯ ನಿರ್ದೇಶಕರು ಕಾರಿನಿಂದ ಇಳಿದಾಗ, ಅಳತೆಯಕ್ಕ ಆ ಕಟ್ಟಡದ ಮುಂಬಾಗಿಲಲ್ಲಿ ಮಂಡಿಯೂರಿ ಕುಳಿತು ಹೊಸ್ತಿಲಿನ ಎತ್ತರ ಅಳೆಯುತ್ತಿದ್ದರು. ನಿರ್ದೇಶಕರು ಹಿಂದಿನಿಂದ ಎರಡು ಸಲ ನಮಸ್ಕಾರ ಹೇಳಿದರು. ಉತ್ತರ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬಂದ ಒಂದು ಜ್ವರ ಹನ್ನೊಂದು ದಿನ ಇದ್ದು, ಹೋಗುವಾಗ ಅಕ್ಕನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿ ಮೂವತ್ತೆಂಟು ವರ್ಷ ಕಳೆದಿದ್ದವು. ಕೊನೆಗೆ ನೆಲದ ಮೇಲೆ ಬಿದ್ದ ನೆರಳನ್ನು ನೋಡಿ ಅಕ್ಕ ತಲೆಯೆತ್ತಿದರು. ಎದ್ದು ನಿಲ್ಲುವ ಮೊದಲು ಕೋಟಿನ ಜೇಬಿನಿಂದ ಪುಸ್ತಕ ತೆಗೆದು, "ಹೊಸ್ತಿಲು: ಎಂಟು ಮಿಲಿಮೀಟರು" ಎಂದು ಬರೆದುಕೊಂಡರು. ಆಮೇಲೆ ನಮಸ್ಕರಿಸಿದರು.

ಆ ಕೋಟಿನ ವಿಷಯ ಮೊದಲೇ ಹೇಳಿಬಿಡಬೇಕು. ಅಕ್ಕ ಹಿಂದೆ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಶಾಯಿ ತಗಲದಿರಲೆಂದು ಅಲ್ಲಿ ಕೊಟ್ಟಿದ್ದ ಬೂದು ಬಣ್ಣದ, ಆರು ಜೇಬಿನ, ಮಂಡಿಯವರೆಗೆ ಬರುವ ದಪ್ಪ ಕೋಟು ಅದು. ಕಿವಿ ಹೋದ ಮೇಲೆ ಮೇಲಧಿಕಾರಿಗಳು ಅವರನ್ನು ನಕ್ಷೆಯ ಮೇಜಿನಿಂದ ಎಬ್ಬಿಸಿ ಕಡತದ ಕೋಣೆಗೆ ಕಳಿಸಿದರು. ಗೆರೆ ಎಳೆಯಲು ಕಿವಿ ಯಾಕೆ ಬೇಕು ಎಂದು ಅಕ್ಕ ಲಿಖಿತವಾಗಿ ಕೇಳಿದರು. ಲಿಖಿತವಾಗಿ ಯಾರೂ ಉತ್ತರಿಸಲಿಲ್ಲ. ಹದಿನಾರು ವರ್ಷ ಧೂಳಿನಲ್ಲಿ ಕಡತ ಜೋಡಿಸಿ, ಹೊರಬರುವಾಗ ಅವರು ಕೇಳಿ ಪಡೆದ ವಸ್ತು ಅದೊಂದೇ. ಕೋಟಿನ ಬಲಜೇಬಿನಲ್ಲಿ ಉಕ್ಕಿನ ಅಳತೆ ಪಟ್ಟಿ, ಎಡಜೇಬಿನಲ್ಲಿ ಪುಸ್ತಕ, ಮೇಲಿನ ಜೇಬಿನಲ್ಲಿ ಎರಡೂ ತುದಿ ಚೂಪು ಮಾಡಿದ ಪೆನ್ಸಿಲು. ಜ್ವರ ಕಿವಿಯ ಜೊತೆಗೆ ದೇಹದ ಸಮತೋಲವನ್ನೂ ಕೊಂಚ ಕದಡಿದ್ದರಿಂದ, ಹಡಗಿನ ಅಟ್ಟದ ಮೇಲೆ ನಡೆಯುವವರಂತೆ ಪಾದಗಳನ್ನು ಅಗಲವಾಗಿ ಊರಿ, ನೆಲ ಯಾವ ಕ್ಷಣದಲ್ಲಾದರೂ ವಾಲಬಹುದೆಂಬ ಎಚ್ಚರದಲ್ಲಿ ಅಕ್ಕ ನಡೆಯುತ್ತಿದ್ದರು. ದನಿಯದೂ ಅದೇ ಕಥೆ. ತನ್ನ ಮಾತು ತನಗೇ ಕೇಳಿಸದವರಿಗೆ ಅದರ ಎತ್ತರ ತಿಳಿಯುವುದೆಂತು? ಗುಟ್ಟು ಹೇಳಿದರೆ ಬೀದಿಗೆ ಕೇಳುತ್ತಿತ್ತು, ಭಾಷಣ ಮಾಡಿದರೆ ಮೊದಲ ಸಾಲಿಗೂ ಕೇಳುತ್ತಿರಲಿಲ್ಲ. ಅಂಗೈಯನ್ನು ಮೇಲೆ ಕೆಳಗೆ ಆಡಿಸಿ ಅದನ್ನು ಹದಕ್ಕೆ ತರುವುದು ಅವರ ತಂಗಿಯ ಕೆಲಸ.

"ಸುಮಾರು" ಎಂಬ ಪದ ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮನೆ ಎಷ್ಟು ದೂರ ಎಂದರೆ "ಆರುನೂರ ನಲವತ್ತು ಮೀಟರು, ನಡುವೆ ಒಂದು ಚರಂಡಿ" ಎನ್ನುವರು. ಅಂಗವಿಕಲರ ಕಲ್ಯಾಣಕ್ಕೆಂದು ಹಿಂದೊಮ್ಮೆ ಊರಿನ ದೊಡ್ಡವರು ಸೇರಿ ಒಂದು ಸಮಿತಿ ಮಾಡಿದ್ದರು. ಅದರ ಸಭೆ ಎರಡನೆಯ ಮಹಡಿಯಲ್ಲಿ ನಡೆಯಿತು. ಪ್ರೇಕ್ಷಕಿಯಾಗಿ ಹೋಗಿದ್ದ ಅಕ್ಕ ವೇದಿಕೆಯ ಮೇಲಿದ್ದ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಎದ್ದು ನಿಂತು, ಗುಟ್ಟು ಹೇಳುವ ದನಿಯೆಂದುಕೊಂಡು, ಇಡೀ ಸಭಾಂಗಣಕ್ಕೆ ಕೇಳುವಂತೆ ಅಂದರು: "ಹನ್ನೊಂದರಲ್ಲಿ ಸೊನ್ನೆ." ಮೆಟ್ಟಿಲ ಕೆಳಗೆ, ಹತ್ತಲಾಗದೆ ಉಳಿದಿದ್ದ ಆರು ಜನರಿಗೂ ಅದು ಕೇಳಿಸಿತಂತೆ. ಸಂಘ ಹುಟ್ಟಿದ್ದು ಆ ಮೆಟ್ಟಿಲ ಕೆಳಗೆ, ಆ ಆರು ಜನರ ನಡುವೆ.

ಅಂಚೆ ಕಚೇರಿಯ ಹಿಂದಿನ ಹಳೆಯ ಗೋದಾಮಿನಲ್ಲಿ ಸಂಘಕ್ಕೆ ಎರಡು ಕೋಣೆ. ಒಂದರಲ್ಲಿ ಗಾಲಿಕುರ್ಚಿ, ಊರುಗೋಲು, ಕಾಲಿನ ಕಬ್ಬಿಣದ ಪಟ್ಟಿ ಇವುಗಳನ್ನು ರಿಪೇರಿ ಮಾಡುವ ಕಾರ್ಯಾಗಾರ, ಇನ್ನೊಂದರಲ್ಲಿ ಸಭೆ. ನಿಯಮಗಳು ನಾಲ್ಕೇ. ಮತ ಅಂಗವಿಕಲ ಸದಸ್ಯರಿಗೆ ಮಾತ್ರ. ಅಧ್ಯಕ್ಷರು ಅವರಲ್ಲೊಬ್ಬರೇ ಆಗಿರಬೇಕು. ಮಾತಾಡುವ ಮೊದಲು ತಾನು ಯಾರೆಂದು ಹೇಳಬೇಕು. ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸಕೂಡದು. ಕೊನೆಯದು ಪ್ರೂಫಿನವರಿಗಾಗಿ ಬಂದ ನಿಯಮ. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಆ ಮನುಷ್ಯನಿಗೆ ಹುಟ್ಟಿನಿಂದ ಸ್ನಾಯುಗಳು ಹೇಳಿದ ಮಾತು ಕೇಳುವುದಿಲ್ಲ. ಕೈ ನಡುಗುತ್ತದೆ, ಒಂದು ವಾಕ್ಯ ಹೊರಬರಲು ಒಮ್ಮೊಮ್ಮೆ ಎರಡು ನಿಮಿಷ ಹಿಡಿಯುತ್ತದೆ. ಜಗತ್ತೆಲ್ಲ ಅವರ ವಾಕ್ಯಗಳನ್ನು ಅವಸರದಲ್ಲಿ, ತಪ್ಪಾಗಿ ಮುಗಿಸುತ್ತಿತ್ತು. ಸಂಘದಲ್ಲಿ ಮಾತ್ರ ಮೂವತ್ತು ಜನ ಸುಮ್ಮನೆ ಕಾಯುತ್ತಿದ್ದರು. ಹಾಗೆ ಕಾದದ್ದಕ್ಕೆ ಬಹುಮಾನವೂ ಸಿಗುತ್ತಿತ್ತು. ಊರಿನ ಅತ್ಯಂತ ಕುಚೋದ್ಯದ ಮನುಷ್ಯ ಅವರೇ ಎಂಬುದು ಸಂಘದವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅಕ್ಕನ ಕಿವಿಯಾಗಿ ಸಭೆಯಲ್ಲಿ ಕೂರುತ್ತಿದ್ದವರು ತಂಗಿ, ನಿವೃತ್ತ ಶಾಲಾ ಶಿಕ್ಷಕಿ. ತಂಗಿಗೆ ಮತವಿಲ್ಲ, ಮಾತೂ ಇಲ್ಲ. ಆಡಿದವರ ಮಾತನ್ನೆಲ್ಲ ದೊಡ್ಡ ಕರಿಹಲಗೆಯ ಮೇಲೆ ಬರೆಯುವುದಷ್ಟೇ. ಶುರುವಿನ ವರ್ಷದಲ್ಲಿ ಒಬ್ಬ ಸದಸ್ಯ ಸಿಟ್ಟಿನಲ್ಲಿ, "ಕೇಳಿಸದವರನ್ನ ಅಧ್ಯಕ್ಷೆ ಮಾಡಿಕೊಂಡ್ರೆ ಗೋಡೆ ಹತ್ರ ಜಗಳ ಆಡಿದ ಹಾಗೆ" ಎಂದದ್ದನ್ನು ತಂಗಿ ಬರೆಯದೆ ನುಂಗಿಬಿಟ್ಟಿದ್ದರು. ಅಕ್ಕ ತುಟಿಗಳನ್ನು ಓದಿಕೊಂಡಿದ್ದರು. ಮನೆಗೆ ಬಂದವರೇ ಕೋಟನ್ನೂ ಬಿಚ್ಚದೆ ತಂಗಿಯ ಎದುರು ನಿಂತು ಹೇಳಿದರು: "ನೀನು ನನ್ನ ಕಿವಿ ಆಗು ಸಾಕು. ಅಮ್ಮ ಆಗಬೇಡ."

ಇಂಥ ಸಂಘಕ್ಕೆ ಆ ವರ್ಷ ಗೋದಾಮು ತೆರವು ಮಾಡಬೇಕೆಂದು ನೋಟೀಸು ಬಂತು. ನಾಲ್ಕು ತಿಂಗಳಲ್ಲಿ ಕೆಡವುತ್ತಾರಂತೆ. ನೋಟೀಸಿನ ಬೆನ್ನಿಗೇ ದತ್ತಿ ಸಂಸ್ಥೆಯ ಪತ್ರವೂ ಬಂತು: ಹೊಸ ಕಟ್ಟಡ ಕೊಡುತ್ತೇವೆ, ಶಾಶ್ವತವಾಗಿ ನಡೆಸುವ ಹೊಣೆಯೂ ನಮ್ಮದೇ. ಪತ್ರದ ಏಳನೆಯ ಕಲಮಿನಲ್ಲಿ ಒಂದೇ ಒಂದು ಷರತ್ತು: ಅಧ್ಯಕ್ಷರನ್ನು ದತ್ತಿ ಸಂಸ್ಥೆ ನೇಮಿಸತಕ್ಕದ್ದು, ಹಾಲಿ ಸದಸ್ಯರು ಸಲಹಾ ಸಮಿತಿಯಾಗಿ ಮುಂದುವರಿಯತಕ್ಕದ್ದು.

ಕಟ್ಟಡದಲ್ಲಿ ತಪ್ಪು ಹುಡುಕಿಯೇ ಬರಬೇಕೆಂದು ಅಕ್ಕ ಹೋಗಿದ್ದರು. ಅದನ್ನು ಅವರು ಆಮೇಲೆ ಮುಚ್ಚಿಡಲೂ ಇಲ್ಲ. ಹೊಸ್ತಿಲು, ಇಳಿಜಾರು, ಬಾಗಿಲ ಅಗಲ, ಶೌಚಾಲಯದ ಹಿಡಿಕೆ, ಬೆಳಕಿನ ಗುಂಡಿಯ ಎತ್ತರ ಎಲ್ಲವನ್ನೂ ಅಳೆದರು. ನಿರ್ದೇಶಕರು ಸಭ್ಯರು, ತಾಳ್ಮೆಯುಳ್ಳವರು. ಅವರಲ್ಲಿದ್ದ ದೋಷವೆಂದರೆ ಒಂದು ಅಕ್ಷರವನ್ನೂ ಹೊರಬಿಡದಂಥ ದಟ್ಟ ಮೀಸೆ. ಆ ಮೀಸೆಯ ಹಿಂದೆ ಅವರು ಒಂದೂವರೆ ಗಂಟೆ ಏನೇನು ವಿವರಿಸಿದರೋ, ಅಕ್ಕ ಒಂದನ್ನೂ ಕಾಣಲಿಲ್ಲ. ಅಳೆದು ಮುಗಿಸಿ ಮನೆಗೆ ಬಂದು ಪುಸ್ತಕ ತೆರೆದಿಟ್ಟುಕೊಂಡು ಕುಳಿತರು.

"ಏನಾಯ್ತು? ಸರಿಯಿಲ್ವಾ?" ಎಂದು ತಂಗಿ ಮುಖವನ್ನು ಬೆಳಕಿಗೆ ತಿರುಗಿಸಿ ಕೇಳಿದರು.

"ನಲವತ್ತಮೂರು ಅಳತೆ. ನಲವತ್ತಮೂರೂ ಸರಿ."

"ಮತ್ಯಾಕೆ ಮುಖ ಹೀಗೆ? ನಿನಗೂ ಅರವತ್ತೊಂದು ಆಯ್ತು. ಸಲಹೆಗಾರ್ತಿ ಅಂತ ಗೌರವವಾಗಿ ಕೂರಿಸ್ತಾರೆ. ಕೂತ್ಕೋ."

"ಕೂರಿಸ್ತಾರೆ," ಎಂದರು ಅಕ್ಕ. "ಹದಿನಾರು ವರ್ಷ ಕೂರಿಸಿದ್ರಲ್ಲ, ಹಾಗೆ."

ಆದರೂ ಅಕ್ಕ ಮರುದಿನ ಉಳಿದ ಮೂವತ್ತು ಜನ ಸದಸ್ಯರಿಗೂ ಕಳಿಸಿದ ಒಂದು ಪುಟದ ವರದಿಯಲ್ಲಿ, ಮೊದಲ ಸಾಲಿನಲ್ಲೇ, ಕಟ್ಟಡದಲ್ಲಿ ಯಾವ ತಪ್ಪೂ ಇಲ್ಲವೆಂದು ಬರೆದಿದ್ದರು. ಸಂಘದ ಅತಿ ಹಿರಿಯ ಸದಸ್ಯ ಬೆತ್ತದಜ್ಜ ಇದನ್ನು ಬೇರೆಯವರಿಂದ ಓದಿಸಿಕೊಂಡು ಹಣೆ ಚಚ್ಚಿಕೊಂಡರಂತೆ. ಹುಟ್ಟುಗುರುಡರಾದ ಅಜ್ಜ ಐವತ್ತು ವರ್ಷದಿಂದ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತ ಬಂದವರು. "ಎದುರಾಳಿ ವಕೀಲನಿಗೆ ನಮ್ಮ ಮನೆಯಿಂದಲೇ ಸಾಕ್ಷಿ ಕಳಿಸೋ ಅಧ್ಯಕ್ಷೆ ಸಿಕ್ಕಿದ್ದಾಳಲ್ಲಪ್ಪ ನಮಗೆ!" ಎಂದು ಗೊಣಗಿದರಂತೆ.

ಮತದಾನದ ದಿನ ಗೊತ್ತಾಯಿತು. ಪ್ರಶ್ನೆ ಒಂದೇ: ಏಳನೆಯ ಕಲಮನ್ನು ಒಪ್ಪುವುದೋ, ಬಿಡುವುದೋ.

ಸಂಘದ ಮತದಾನದ ಕ್ರಮ ಅಕ್ಕನ ಸ್ವಂತ ರಚನೆ. ಕೈ ಎತ್ತುವ ಪದ್ಧತಿ ಕಣ್ಣಿಲ್ಲದವರಿಗೂ ಕೈಯಿಲ್ಲದವರಿಗೂ ಆಗದು. ಚೀಟಿ ಬರೆಯುವುದು ಇನ್ನು ಕೆಲವರಿಗಾಗದು. ಯಾವ ದೇಹಕ್ಕಾದರೂ ಒಪ್ಪುವಂಥದನ್ನು ಎರಡು ತಿಂಗಳು ಯೋಚಿಸಿ, ಕಾರ್ಯಾಗಾರದ ಕಪಾಟಿನಲ್ಲೇ ಅಕ್ಕ ಅದನ್ನು ಕಂಡುಕೊಂಡಿದ್ದರು. ಪ್ರತಿಯೊಬ್ಬರಿಗೂ ಒಂದು ನಟ್ಟು, ಒಂದು ವಾಷರು. ನಟ್ಟು ಎಂದರೆ ಒಪ್ಪಿಗೆ; ದಪ್ಪಗೆ, ಆರು ಮೂಲೆ. ವಾಷರು ಎಂದರೆ ಇಲ್ಲ, ಚಪ್ಪಟೆ, ದುಂಡಗೆ. ಮುಟ್ಟಿದರೆ ಮಗುವಿಗೂ ತಿಳಿಯುತ್ತದೆ. ಕೋಣೆಯ ಮೂಲೆಯಲ್ಲಿ ಪರದೆ. ಅದರ ಹಿಂದೆ ಹೋಗಿ ಬೇಕಾದದ್ದನ್ನು ಡಬ್ಬಿಗೆ ಹಾಕುವುದು, ಉಳಿದದ್ದನ್ನು ಬಟ್ಟೆಯ ಚೀಲಕ್ಕೆ. ಬೆರಳು ಹಿಡಿಯದವರು ತಾವು ನಂಬಿದ ಯಾರ ಕೈಯನ್ನಾದರೂ ಎರವಲು ಪಡೆಯಬಹುದು. ಸಂಘದಲ್ಲಿ ಅದಕ್ಕೆ ಕೈಸಾಲ ಎಂದು ಹೆಸರು. ಡಬ್ಬಿ ಬಿಸ್ಕತ್ತಿನದು, ತಗಡಿನದು. ಅದನ್ನೂ ಅಕ್ಕ ಬೇಕೆಂದೇ ಆರಿಸಿದ್ದರು. ಹಾಕಿದ ಮತ ಒಳಗೆ ಬಿತ್ತೆಂದು ಕಣ್ಣಿಲ್ಲದವರಿಗೆ ಗೊತ್ತಾಗುವುದು ಹೇಗೆ? ಸದ್ದಿನಿಂದ. ಲೋಹ ತಗಡಿನ ಮೇಲೆ ಬಿದ್ದರೆ ಸದ್ದಾಗುತ್ತದೆಂಬುದು ಕಿವಿಯಿದ್ದ ಇಪ್ಪತ್ತಮೂರು ವರ್ಷಗಳ ಅವರ ಹಳೆಯ ನೆನಪಿನಲ್ಲಿ ಭದ್ರವಾಗಿತ್ತು. ಒಂಬತ್ತು ವರ್ಷದಲ್ಲಿ ಹದಿನಾಲ್ಕು ಮತದಾನಗಳು ಆ ಡಬ್ಬಿಯಲ್ಲಿ ನಡೆದುಹೋಗಿದ್ದವು. ಊರಿನ ಯಾವ ಸಂಘದಲ್ಲೂ ಇಷ್ಟು ಶುದ್ಧವಾದ ಗುಟ್ಟಿನ ಮತದಾನವಿಲ್ಲವೆಂದು ಅಕ್ಕನಿಗೆ ಒಳಗೊಳಗೇ ಒಂದು ಹೆಮ್ಮೆ.

ಆ ದಿನ ನಿರ್ದೇಶಕರೂ ಅವರ ಇಬ್ಬರು ಸಹಾಯಕರೂ ಅತಿಥಿಗಳಾಗಿ ಬಂದು ಪರದೆಯ ಪಕ್ಕದ ಬೆಂಚಿನಲ್ಲಿ ಕುಳಿತರು. ಚರ್ಚೆ ಮುಗಿಯಿತು. ಅಕ್ಕ ಡಬ್ಬಿಯನ್ನು ಬೋರಲು ಹಾಕಿ ತೋರಿಸಿ, ಖಾಲಿಯಿದೆಯೆಂದು ಬೆತ್ತದಜ್ಜನ ಕೈಯಿಂದ ತಡವಿಸಿ, ಪರದೆಯ ಹಿಂದೆ ಇಟ್ಟರು. ಅಷ್ಟರಲ್ಲಿ ಟೆಲಿಫೋನಿನವಳು ಅಜ್ಜನ ಕಿವಿಯಲ್ಲಿ ಏನೋ ಹೇಳುವುದು ಕಂಡಿತು. ಅವಳಿಗೂ ಕಣ್ಣಿಲ್ಲ, ದತ್ತಿ ಸಂಸ್ಥೆಯದೇ ಆಸ್ಪತ್ರೆಯಲ್ಲಿ ಟೆಲಿಫೋನು ಆಪರೇಟರು. ಅಂದರೆ ಬೆಂಚಿನ ಮೇಲೆ ಕೂತಿದ್ದವರು ಅವಳ ಮೇಲಧಿಕಾರಿ.

ಅಜ್ಜ ಎದ್ದು ನಿಂತರು. "ಬೆತ್ತದವನು ಮಾತಾಡ್ತಿದ್ದೀನಿ. ಮತ ಹಾಕೋದು ನಿಲ್ಲಿಸಬೇಕು."

ಹಲಗೆಯ ಮೇಲೆ ಸೀಮೆಸುಣ್ಣ ಓಡಿತು. ಅಕ್ಕ ಓದಿ, "ಯಾಕೆ?" ಎಂದರು.

ಅಜ್ಜ ಗಂಟಲು ಸರಿಮಾಡಿಕೊಂಡರು. ಬೆತ್ತ ನೆನೆಸುವ ನೀರಿನಲ್ಲಿ ಬಿಳಿಚಿದ ಅವರ ಕೈ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತ್ತು. "ನಟ್ಟು ಬಿದ್ರೆ ಠಕ್ ಅನ್ನುತ್ತೆ ತಾಯಿ. ವಾಷರು ಬಿದ್ರೆ ಛಿಣ್ ಅಂತ ಎರಡು ಸುತ್ತು ತಿರುಗಿ ಮಲಗುತ್ತೆ. ಕಣ್ಣಿಲ್ಲದ ನಮ್ಮ ಐದು ಜನಕ್ಕೆ ಇದು ಮೊದಲನೇ ದಿನದಿಂದ ಗೊತ್ತು. ಪರದೆ ಹಿಂದೆ ಯಾರು ಹೋದ್ರು ಅನ್ನೋದು ಹೆಜ್ಜೆಯಲ್ಲೇ ಗೊತ್ತಾಗುತ್ತೆ, ಏನು ಹಾಕಿದ್ರು ಅನ್ನೋದು ಡಬ್ಬೀನೇ ಹೇಳುತ್ತೆ. ಒಂಬತ್ತು ವರ್ಷದಿಂದ ಯಾರ್ಯಾರು ಏನೇನು ಹಾಕಿದ್ದೀರೋ, ಅಷ್ಟೂ ನಮಗೆ ಬಾಯಿಪಾಠ."

ಕೋಣೆಯಲ್ಲಿ ಎದ್ದ ಗದ್ದಲ ಹಲಗೆಗೆ ಹಿಡಿಸುವಂಥದಲ್ಲ. ತಂಗಿ ಅಜ್ಜನ ಮಾತನ್ನಷ್ಟೇ ಬರೆದು ಪಕ್ಕಕ್ಕೆ ಸರಿದರು. ಅಕ್ಕ ಅದನ್ನು ಎರಡು ಸಲ ಓದಿದರು. ಠಕ್ ಎಂಬುದರ ಮೇಲೂ ಛಿಣ್ ಎಂಬುದರ ಮೇಲೂ ಅವರ ಕಣ್ಣು ಹೆಚ್ಚು ಹೊತ್ತು ನಿಂತಿತು. ಮೂವತ್ತೆಂಟು ವರ್ಷ ಮೌನದಲ್ಲಿದ್ದವರಿಗೆ ಸದ್ದೆಂದರೆ ಒಂದೇ ವಸ್ತು: ಇರುತ್ತದೆ, ಇಲ್ಲವೇ ಇಲ್ಲ. ಅದರೊಳಗೆ ಒಂದಕ್ಕಿಂತ ಒಂದು ಬೇರೆಯೆಂಬುದು ಯಾವಾಗಲೋ ಅವರ ನೆನಪಿನಿಂದ ಸೋರಿಹೋಗಿತ್ತು. ಬೆರಳಿಗೆ ಬೇರೆಯಾಗಿರಲೆಂದು ತಾನೇ ಆರಿಸಿದ ಎರಡು ವಸ್ತು ಕಿವಿಗೂ ಬೇರೆಯಾಗಿರುತ್ತವೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ," ಎಂದರು ಕೊನೆಗೆ. "ಡಬ್ಬಿಗೆ ಬಾಯಿ ಇರುತ್ತೆ ಅಂತ ನೀವು ಒಬ್ಬರಾದರೂ ಹೇಳಬಾರದಿತ್ತಾ ಅಜ್ಜ?"

"ಹೇಳಬೇಕಿತ್ತು. ಕಣ್ಣಿದ್ದೋರಿಗೆ ಕಾಣೋದೆಲ್ಲ ನಮಗೆ ಕಾಣಲ್ಲ, ಇದೊಂದು ನಮ್ಮ ಪಾಲಿಗಿರಲಿ ಅಂತ ಆಸೆ ಆಯ್ತು. ತಪ್ಪೇ. ಆದ್ರೆ ಒಂದು ಮಾತು ಹೊರಗೆ ಹೋಗಿಲ್ಲ ತಾಯಿ. ಕೇಳಿಸ್ಕೊಂಡಿದ್ದನ್ನೆಲ್ಲ ಆಡ್ತಾ ಹೋದ್ರೆ ಕುರುಡ ಬಾಳೋಕಾಗುತ್ತಾ?" ಅಜ್ಜ ಬೆಂಚಿನ ಕಡೆ ತಲೆ ತಿರುಗಿಸಿದರು. "ಇವತ್ತು ಡಬ್ಬಿ ಪಕ್ಕದಲ್ಲೇ ಕಿವಿ ಇರೋ ದೊಡ್ಡೋರು ಕೂತಿದ್ದಾರೆ. ನಮ್ಮಲ್ಲಿ ಅವರ ಅನ್ನ ತಿನ್ನೋರೂ ಇದ್ದಾರೆ. ಅದಕ್ಕೇ ಎದ್ದೆ."

ನಿರ್ದೇಶಕರು ಮುಜುಗರದಿಂದ ಎದ್ದರು. ಅವರು ಕೆಟ್ಟವರಲ್ಲ, ಅದನ್ನು ಇನ್ನೊಮ್ಮೆ ಹೇಳಬೇಕು. ಆ ತನಕ ಡಬ್ಬಿಯ ಸದ್ದಿನ ಬಗ್ಗೆ ಅವರು ಯೋಚಿಸಿಯೂ ಇರಲಿಲ್ಲ. ಆದರೆ ಕೈಗೆ ತಾನಾಗಿ ಬಂದ ವಾದವನ್ನು ಬಿಡುವಷ್ಟು ಒಳ್ಳೆಯವರೂ ಅಲ್ಲ. "ದಯವಿಟ್ಟು ತಪ್ಪು ತಿಳೀಬೇಡಿ. ಗುಟ್ಟು ಅಂದುಕೊಂಡು ಒಂಬತ್ತು ವರ್ಷ ಬಯಲಲ್ಲೇ ಮತ ಹಾಕಿದ್ದೀರಿ. ಇಂಥ ಕಡೆಯೇ ಅನುಭವ ಇರೋರು ಮೇಲೆ ಇರಬೇಕು ಅಂತ ನಾವು ಹೇಳೋದು."

ಸೀಮೆಸುಣ್ಣ ಹಲಗೆಯ ಮುಂದೆ ಒಂದು ಗಳಿಗೆ ತಡೆಯಿತು. ತಂಗಿಗೆ ಆ ಕಟ್ಟಡ ಬೇಕಿತ್ತು, ಅಕ್ಕನಿಗೆ ವಿಶ್ರಾಂತಿ ಸಿಗಲೆಂಬ ಆಸೆಯಿತ್ತು. ಆದರೂ ಈ ಮಾತನ್ನು ಅಕ್ಕನ ಮುಂದೆ ಬರೆಯುವುದು ಸುಲಭವಿರಲಿಲ್ಲ. ಬರೆದರು. ಒಂದು ಅಕ್ಷರ ಬಿಡದೆ, "ದಯವಿಟ್ಟು" ಸಮೇತ ಬರೆದರು.

ಎಲ್ಲರಿಗೂ ಆ ಕ್ಷಣದಲ್ಲಿ ಸಂಘ ಕೈಜಾರಿತು ಅನ್ನಿಸಿತು. ಕಲಮಿನ ವಿರುದ್ಧ ಮಾತಾಡಿದ್ದವರೂ ತಲೆ ತಗ್ಗಿಸಿದ್ದರು. ಅಕ್ಕ ಹಲಗೆಯನ್ನು ಓದಿ, ಪುಸ್ತಕ ತೆಗೆದು, ಏನೋ ಬರೆದುಕೊಂಡರು. ಆಮೇಲೆ ನಿರ್ದೇಶಕರ ಮುಖ ನೋಡಿ, "ನಿಮ್ಮಲ್ಲಿ ಗುಟ್ಟಿನ ಮತ ಹೇಗೆ ಹಾಕ್ತೀರಿ? ನಮಗೂ ಹೇಳಿಕೊಡಿ," ಎಂದರು. ಕೇಳುವ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು.

"ನಮ್ಮಲ್ಲಿ ಮತದಾನ ಇಲ್ಲ. ನೇಮಕ ಮಾಡ್ತೀವಿ."

ತಂಗಿ ಬರೆದರು. ಅಷ್ಟರಲ್ಲಿ ಪ್ರೂಫಿನವರು ತುಟಿ ತೆರೆದರು. ಮೂವತ್ತು ಜನ ಕಾದರು. ಅತಿಥಿಗಳೂ ಬೇರೆ ದಾರಿಯಿಲ್ಲದೆ ಕಾದರು. ಒಂದು ನಿಮಿಷ ನಲವತ್ತು ಸೆಕೆಂಡಿನ ಮೇಲೆ ಮಾತು ಹೊರಬಂತು: "ಪ್ರೂಫಿನವನು. ಅಚ್ಚೇ ಮಾಡದ ಪುಸ್ತಕದಲ್ಲಿ ಅಚ್ಚಿನ ತಪ್ಪು ಇರಲ್ಲ."

ನಗು ಗೋದಾಮಿನ ತಗಡಿನ ಮಾಡಿಗೆ ತಾಗಿತು. ಅಕ್ಕ ನಗಲಿಲ್ಲ, ಅವರು ಆಗಲೇ ಪರದೆಯ ಹಿಂದಿನಿಂದ ಡಬ್ಬಿಯನ್ನು ಎತ್ತಿಕೊಂಡು ಬಂದಿದ್ದರು.

"ಅತಿಥಿಗಳನ್ನ ಹೊರಗೆ ಕೂರಿಸಿದ್ರಾಯ್ತಲ್ಲ" ಎಂದು ಯಾರೋ ಅಂದದ್ದಕ್ಕೆ, "ಅವರು ಹೊರಗೆ ಹೋಗ್ತಾರೆ, ಈ ಐದು ಜನ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿ, ಸಂಘದಲ್ಲೇ ಅತಿ ಚುರುಕು ಕಿವಿ ಯಾರದೆಂದು ವಿಚಾರಿಸಿದರು. ಅಜ್ಜ ತಮ್ಮದೆಂದರು, ಟೆಲಿಫೋನಿನವಳು, "ಅದು ಹಳೇ ಮಾತು ಅಜ್ಜ" ಎಂದಳು. ಇಬ್ಬರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದರು. ನಟ್ಟು ಅನ್ನಿಸಿದರೆ ಕೈ ಎತ್ತುವುದು, ವಾಷರು ಅನ್ನಿಸಿದರೆ ಸುಮ್ಮನಿರುವುದು. ಯಾವುದನ್ನು ಯಾವಾಗ ಹಾಕಬೇಕೆಂಬುದನ್ನು ತನ್ನ ಕೈಗೂ ಬಿಡಲಿಲ್ಲ. ಮನುಷ್ಯರ ಕೈ ತನಗರಿವಿಲ್ಲದೆ ಒಂದು ವರಸೆ ಹಿಡಿಯುತ್ತದೆ. ಪ್ರೂಫಿನವರು ನಾಣ್ಯ ಚಿಮ್ಮಬೇಕು, ನಾಣ್ಯ ಹೇಳಿದಂತೆ ಅಕ್ಕ ಹಾಕಬೇಕು. ನಡುಗುವ ಆ ಕೈಯಷ್ಟು ನಿಷ್ಪಕ್ಷಪಾತವಾದದ್ದು ಆ ಕೋಣೆಯಲ್ಲಿ ಬೇರೊಂದಿರಲಿಲ್ಲ.

ಬರಿಯ ಡಬ್ಬಿಗೆ ಹತ್ತು ಸಲ ಹಾಕಿದರು. ಇಬ್ಬರೂ ಹತ್ತಕ್ಕೆ ಹತ್ತು. ಕೈ ಒರಸುವ ಬಟ್ಟೆ ಹಾಸಿ ಮತ್ತೆ ಹತ್ತು: ಅಜ್ಜ ಎಂಟು, ಟೆಲಿಫೋನಿನವಳು ಒಂಬತ್ತು. "ಸಾಲದು," ಎಂದರು ಅಕ್ಕ. ಸುತ್ತ ನೋಡಿದರು. ಆಮೇಲೆ ಆರೂ ಜೇಬುಗಳನ್ನು ಮೇಜಿನ ಮೇಲೆ ಖಾಲಿ ಮಾಡಿ, ಸಂಘದಲ್ಲಿ ಯಾರೂ ಎಂದೂ ಅವರ ಮೈಮೇಲಿಂದ ಇಳಿದದ್ದನ್ನು ನೋಡದ ಆ ಕೋಟನ್ನು ಬಿಚ್ಚಿದರು. ಒಳಗೆ ಸಾದಾ ಹತ್ತಿಯ ಬಟ್ಟೆಯಲ್ಲಿ ಅವರು ಎಷ್ಟು ಸಣ್ಣಗೆ ಕಂಡರೆಂದರೆ, ತಂಗಿ ಒಂದು ಕ್ಷಣ ಮುಖ ತಿರುಗಿಸಿದರು. ಕೋಟಿನ ತೋಳನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ತಳಕ್ಕೆ ಒತ್ತಿ, ಉಳಿದ ಭಾಗವನ್ನು ಅಂಚಿನ ಸುತ್ತ ಇಳಿಬಿಟ್ಟರು. ಈ ಸಲ ಇಪ್ಪತ್ತು ಇಪ್ಪತ್ತು ಬಾರಿ ಎಂದರು. ಹತ್ತು ಸಲದ ಲೆಕ್ಕವನ್ನು ಅದೃಷ್ಟವೂ ಕೆಡಿಸಬಹುದು.

ಅರ್ಧ ಗಂಟೆ ಹಿಡಿಯಿತು. ನಿರ್ದೇಶಕರೂ ಎದ್ದು ಬಂದು ಮೇಜಿನ ಹತ್ತಿರ ನಿಂತು ನೋಡುತ್ತಿದ್ದರು. ಗೋಡೆಗೆ ಮುಖ ಮಾಡಿದ ಅಜ್ಜ ಒಮ್ಮೆ ಕೈ ಎತ್ತುವರು, ಒಮ್ಮೆ ಎತ್ತಿದ್ದನ್ನು ಇಳಿಸುವರು, ಒಮ್ಮೆ "ಥೂ" ಎನ್ನುವರು. ಮುಗಿದಾಗ ಅಜ್ಜನದು ಇಪ್ಪತ್ತಕ್ಕೆ ಹನ್ನೊಂದು ಸರಿ, ಟೆಲಿಫೋನಿನವಳದು ಒಂಬತ್ತು.

"ಅಜ್ಜ ಪಾಸು, ಅವಳು ಫೇಲು!" ಎಂದು ಒಬ್ಬ ಕೂಗಿದ.

ತಂಗಿ ಅದನ್ನೂ ಬರೆದರು. ಅಕ್ಕ ಮೊದಲ ಸಲ ನಕ್ಕರು. "ಇಬ್ಬರೂ ಫೇಲು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ರೂ ಅಷ್ಟೇ ಬರುತ್ತೆ. ಸೊನ್ನೆ ಬಂದಿದ್ರೆ ನಾನು ಒಪ್ತಿರಲಿಲ್ಲ. ಎಲ್ಲಾ ತಪ್ಪು ಹೇಳೋನಿಗೂ ಎಲ್ಲಾ ಗೊತ್ತಿರುತ್ತೆ." ಬಿದ್ದ ಸದ್ದು ಇನ್ನು ಕೇಳಿಸದಾದ್ದರಿಂದ, ಬೆರಳು ತಳದ ಬಟ್ಟೆ ಮುಟ್ಟಿದ ಮೇಲೇ ಕೈ ಬಿಡಬೇಕೆಂದು ಹೊಸ ನಿಯಮವೊಂದನ್ನು ಸೇರಿಸಿದರು. ಬೆಂಚನ್ನು ಇದ್ದಲ್ಲೇ ಬಿಟ್ಟರು.

ಅಧ್ಯಕ್ಷೆಯ ಮತ ಸಮಸಮ ಆದಾಗ ಮಾತ್ರ. ಉಳಿದ ಮೂವತ್ತು ಜನ ಒಬ್ಬರ ಹಿಂದೊಬ್ಬರು ಹೋಗಿ ಬಂದರು. ಗೋದಾಮಿನಲ್ಲಿ ಗಾಲಿಗಳ, ಊರುಗೋಲುಗಳ ಸದ್ದಿತ್ತು, ಡಬ್ಬಿಯದಿರಲಿಲ್ಲ. ಟೆಲಿಫೋನಿನವಳು ಬೆಂಚಿನ ಮುಂದೆಯೇ ಹಾದು ಹೋಗಿ, ಎಂದಿನಂತೆ ಹಿಂತಿರುಗಿ ಕುಳಿತಳು. ಅಕ್ಕ ಎರಡು ಸಲ ಎಣಿಸಿದರು. ನಟ್ಟು ಹದಿಮೂರು. ವಾಷರು ಹದಿನೇಳು. ಏಳನೆಯ ಕಲಮು ಬಿದ್ದುಹೋಯಿತು.

ಚಪ್ಪಾಳೆ ಏಳುವ ಮೊದಲೇ ಅಕ್ಕ ಕೈ ಅಡ್ಡ ಹಿಡಿದರು. "ಹದಿಮೂರು ಜನಕ್ಕೆ ಆ ಕಟ್ಟಡ ಬೇಕಿತ್ತು. ಯಾರು ಅಂತ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಅವರಿಗೆ ಬೇಕಿದ್ದಿದ್ದು ತೊಂಬತ್ತು ಸೆಂಟಿಮೀಟರಿನ ಶೌಚಾಲಯದ ಬಾಗಿಲು. ಹೊಸ ಜಾಗ ಎಲ್ಲೇ ಸಿಗಲಿ, ಮೊದಲ ಕೆಲಸ ಅದು." ನಿರ್ದೇಶಕರು ಹೋಗುವಾಗ ಕೈ ಮುಗಿದು ಏನೋ ಹೇಳಿದರು. ಮೀಸೆ ಅದನ್ನೂ ಇಟ್ಟುಕೊಂಡಿತು. ತಂಗಿ ಬರೆಯಹೋದಾಗ ಅಕ್ಕ ಬೇಡವೆಂದರು. ಮುಖದಲ್ಲೇ ಓದಿದ್ದೇನೆ, ಒಳ್ಳೆಯ ಮಾತೇ ಇರಬೇಕು ಎಂದರು.

ಎಲ್ಲರೂ ಹೋದ ಮೇಲೆ ಅಜ್ಜ ಉಳಿದರು. ತಂಗಿ ಹಲಗೆಯ ಬಳಿ ಇನ್ನೂ ಇದ್ದರು.

"ಬೆತ್ತದವನು," ಎಂದರು ಅಜ್ಜ, ಕೋಣೆಯಲ್ಲಿ ಮೂವರೇ ಇದ್ದರೂ. "ಮೊದಲನೇ ಚುನಾವಣೆಯಲ್ಲಿ ನಿನಗೆ ಮೂರು ವಾಷರು ಬಿದ್ದಿತ್ತಲ್ಲ. ಯಾರದು ಅಂತ ಯಾವತ್ತೂ ಕೇಳಲಿಲ್ಲ ನೀನು."

"ಗುಟ್ಟಿನ ಮತ ಅಲ್ವಾ."

"ಒಂದು ನಂದು. ಕಿವಿ ಕೇಳಿಸದೋಳು ಕುರ್ಚಿ ಮೇಲೆ ಕೂತ್ರೆ ನಮ್ಮ ಗೋಳು ಯಾರು ಕೇಳ್ತಾರೆ ಅಂತ ಹಾಕಿದೆ. ಆಮೇಲೆ ಹಾಕಲಿಲ್ಲ."

ಅಕ್ಕ ಹಲಗೆ ಓದಿದರು. ಅಜ್ಜನ ತಣ್ಣನೆಯ ಕೈ ಹಿಡಿದು ಡಬ್ಬಿಯೊಳಗಿನ ಕೋಟಿನ ಮೇಲೆ ಇಟ್ಟರು. "ಇನ್ಮೇಲೆ ಹಾಕಿದ್ರೂ ನನಗೆ ಗೊತ್ತಾಗಲ್ಲ ಬಿಡಿ."

"ನನಗೂ ಗೊತ್ತಾಗಲ್ವಲ್ಲ!" ಎಂದು ಅಜ್ಜ ನಿಜವಾದ ದುಃಖದಿಂದಲೇ ಹೇಳಿದರು.

ಮೂರು ತಿಂಗಳ ಮೇಲೆ ಸಂಘ, ಮುಚ್ಚಿಹೋಗಿದ್ದ ಒಂದು ಬೆರಳಚ್ಚು ಶಾಲೆಗೆ ಹೋಯಿತು. ಅದು ಹೊಸ ಕಟ್ಟಡದ ಕಾಲಿನ ಧೂಳಿಗೂ ಸಮನಲ್ಲ. ಬೇಸಗೆಯಲ್ಲಿ ಕಾಯುತ್ತದೆ, ಬಾಗಿಲಲ್ಲಿ ಎರಡು ಮೆಟ್ಟಿಲಿದ್ದವು. ಮೆಟ್ಟಿಲ ಮೇಲೆ ಇಳಿಜಾರು ಬಂತು. ನಕ್ಷೆ ಬರೆದವರು ಯಾರೆಂದು ಹೇಳಬೇಕಿಲ್ಲ. ಅದಕ್ಕೂ ಮೊದಲು ಅರವತ್ತೊಂದು ಸೆಂಟಿಮೀಟರಿನ ಶೌಚಾಲಯದ ಬಾಗಿಲು ಒಡೆದು ತೊಂಬತ್ತಾಯಿತು. ಮರುವರ್ಷ ಅಕ್ಕ ಚುನಾವಣೆಗೆ ನಿಲ್ಲಲಿಲ್ಲ. ಟೆಲಿಫೋನಿನವಳು ಗೆದ್ದಳು, ಎಷ್ಟು ಮತದಿಂದ ಎಂಬುದು ಎಲ್ಲರಿಗೂ ಗೊತ್ತು, ಯಾರ ಮತದಿಂದ ಎಂಬುದು ಯಾರಿಗೂ ಗೊತ್ತಿಲ್ಲ. ಕೋಟು ಡಬ್ಬಿಯಲ್ಲೇ ಉಳಿಯಿತು. ಅಕ್ಕ ಇನ್ನೊಂದು ಹೊಲಿಸಿಕೊಳ್ಳಲಿಲ್ಲ. ಅಳತೆ ಪಟ್ಟಿಯನ್ನು ತಂಗಿಯ ಕೈಚೀಲದಲ್ಲಿ ಇಡತೊಡಗಿದರು.

ಸಂಸ್ಥೆಗಳನ್ನು ಕಟ್ಟುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಉಳಿಸುವವರು ಅಪರೂಪ, ಮತ್ತು ನೋಡಲು ಅವರು ಅಷ್ಟೇನೂ ದೊಡ್ಡವರಾಗಿ ಕಾಣುವುದಿಲ್ಲ. ತಮ್ಮವರ ತಪ್ಪು ಹೊರಗಿನವರ ಮುಂದೆ ಬಯಲಾದಾಗ ಹೆಚ್ಚಿನ ನಾಯಕರು ಅದಕ್ಕೆ ಮುಸುಕು ಹಾಕುತ್ತಾರೆ, ಇಲ್ಲವೇ ನಾಚಿ ಕುರ್ಚಿ ಬಿಟ್ಟುಕೊಡುತ್ತಾರೆ. ಈ ಬಗೆಯವರು ಅದನ್ನು ಮೇಜಿನ ಮೇಲಿಟ್ಟು ಅಳೆಯುತ್ತಾರೆ. ಜೀವಮಾನವಿಡೀ ಬೇರೆಯವರು ತಮ್ಮನ್ನು ಅಂದಾಜಿನಲ್ಲಿ ತೂಗಿ ಪಕ್ಕಕ್ಕಿಟ್ಟಿದ್ದನ್ನು ಉಂಡವರಿಗೆ, ಅಂದಾಜಿನ ಮೇಲೆ ಮತ್ತೆಂದೂ ನಂಬಿಕೆ ಬರುವುದಿಲ್ಲವೇನೋ. ತಮ್ಮ ಕುರ್ಚಿ ಎಷ್ಟು ಗಟ್ಟಿಯೆಂದು ಅವರು ನೋಡುವುದಿಲ್ಲ. ತಮ್ಮ ವಿರುದ್ಧ ವಾಷರು ಹಾಕುವವರು ಎಷ್ಟು ನಿಶ್ಚಿಂತೆಯಿಂದ ಹಾಕಬಲ್ಲರೆಂದು ನೋಡುತ್ತಾರೆ. ಆ ಮಧ್ಯಾಹ್ನ ಮತದಾನ ಶುರುವಾಗುವ ಮುನ್ನ, ಕೋಟಿಲ್ಲದ ಅಕ್ಕ ಇಬ್ಬರ ಅಂಕಗಳನ್ನು ಪುಸ್ತಕದಲ್ಲಿ ಕೂಡಿಸಿ ತಲೆಯೆತ್ತಿದರು. ತಂಗಿ ಅಂಗೈ ಕೆಳಗೆ ಮಾಡಿ ದನಿ ತಗ್ಗಿಸೆಂದು ಸನ್ನೆ ಮಾಡುತ್ತಲೇ ಇದ್ದರು, ಅಕ್ಕ ಅದನ್ನು ನೋಡಿಯೂ ನೋಡದವರಂತೆ, ಮುಂದುಗಡೆಯ ಅಂಚೆ ಕಚೇರಿಯ ಸಾಲಿನಲ್ಲಿ ನಿಂತವರೂ ತಿರುಗಿ ನೋಡುವಂತೆ, ಕೂಗಿ ಹೇಳಿದರು: "ನಲವತ್ತಕ್ಕೆ ಇಪ್ಪತ್ತು!"